ಸಿಗ್ನಲ್‌ನಲ್ಲಿ ಯು ಟರ್ನ್: ನೂರು ಮೀಟರ್ ಹಿಂದಿನಿಂದ ಶುರು ಮಾಡೋಣ

ಕಾರು ಕೊಂಡು ಮೂರು ತಿಂಗಳಾಗಿತ್ತು. ಬೆಂಗಳೂರಿನ ಒಂದು ಸಿಗ್ನಲ್‌ನಲ್ಲಿ ಹಸಿರು ಬಿತ್ತು. ಎದುರಿನವರೆಲ್ಲ ನಿಂತಿದ್ದರು. ನಾನು ನೆಮ್ಮದಿಯಾಗಿ ಯು ಟರ್ನ್ ತೆಗೆದುಕೊಂಡೆ. ಇಪ್ಪತ್ತು ಹೆಜ್ಜೆ ಮುಂದೆ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

‘ಬೋರ್ಡ್ ನೋಡ್ಲಿಲ್ವಾ ಸಾರ್?’

‘ಯಾವ ಬೋರ್ಡ್?’

ಅವರು ತಿರುಗಿ ಬೆರಳು ತೋರಿಸಿದರು. ಹೊಂಗೆ ಮರದ ಕೊಂಬೆಯ ಹಿಂದೆ ಕೆಂಪು ಅಂಚಿನ ದುಂಡನೆ ಬೋರ್ಡ್‌ನ ಕಾಲು ಭಾಗ ಇಣುಕುತ್ತಿತ್ತು. ವಾದ ಮಾಡಿದೆ. ಗೆಲ್ಲಲಿಲ್ಲ. ದಂಡ ಕಟ್ಟಿದೆ.

ಹೊಟ್ಟೆಯುರಿ ತಡೆಯದೆ ಆ ಭಾನುವಾರ ಅದೇ ಜಾಗಕ್ಕೆ ನಡೆದುಕೊಂಡೇ ಹೋದೆ. ಸಿಗ್ನಲ್ ಹತ್ತಿರದ ಬೋರ್ಡ್ ಮರೆಯಾಗಿದ್ದದ್ದು ನಿಜ. ಆದರೆ ಸುಮಾರು ನೂರು ಮೀಟರ್ ಹಿಂದೆ ಡಿವೈಡರ್ ಮೇಲೆ ಇನ್ನೊಂದು ಬೋರ್ಡ್ ಇತ್ತು, ನಿಚ್ಚಳವಾಗಿ. ಅದನ್ನು ದಾಟುವಾಗ ನಾನು ಮುಂದಿದ್ದ ಬಸ್ಸಿನ ಬೆನ್ನ ಮೇಲಿನ ಜಾಹೀರಾತು ಓದುತ್ತಿದ್ದೆ. ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ: ಯು ಟರ್ನ್ ಶುರುವಾಗುವುದು ಜಂಕ್ಷನ್‌ನಲ್ಲಲ್ಲ, ಅದಕ್ಕೂ ನೂರು ಮೀಟರ್ ಹಿಂದೆ. ಈ ಬರಹವೂ ಅಲ್ಲಿಂದಲೇ ಶುರು.

ಕಾನೂನು ಏನು ಹೇಳುತ್ತದೆ

ಜಾಸ್ತಿ ಇಲ್ಲ, ನಾಲ್ಕು ಮಾತು. ಭಾರತದಲ್ಲಿ ರಸ್ತೆಯ ನಡವಳಿಕೆಗೆ 1989ರಿಂದ ಒಂದು ನಿಯಮಾವಳಿ ಇತ್ತು. 2017ರಲ್ಲಿ ಅದರ ಜಾಗಕ್ಕೆ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ಹಳೆಯದರಲ್ಲಿ ಯು ಟರ್ನ್ ಬಗ್ಗೆ ಇದ್ದದ್ದು ಎರಡೇ ಸಾಲು. ನಿಷೇಧಿಸಿದ ಕಡೆ ಮತ್ತು ವಾಹನ ಜಾಸ್ತಿ ಇರುವ ರಸ್ತೆಯಲ್ಲಿ ತಿರುಗಿಸಬೇಡಿ. ಅನುಮತಿ ಇದ್ದ ಕಡೆ ಬಲಕ್ಕೆ ತಿರುಗುವವರ ಹಾಗೆ ಕೈ ತೋರಿಸಿ, ಕನ್ನಡಿಯಲ್ಲಿ ಹಿಂದೆ ನೋಡಿ, ಅಪಾಯ ಇಲ್ಲದಾಗ ತಿರುಗಿ. ಮೂಲ ಮಾತು ಇವತ್ತಿಗೂ ಇಷ್ಟೇ.

ನಮ್ಮ ಆಟೋದವರು ಬಲಗೈ ಹೊರಗೆ ಚಾಚಿ ತಿರುಗುವುದನ್ನು ನೋಡಿ ನಗುತ್ತೇವೆ ಅಲ್ವಾ? ಅದು ಆ ಎರಡು ಸಾಲಿನೊಳಗೇ ಇದ್ದ ಪದ್ಧತಿ. ಕಾಲು ಚಾಚುವುದು ಮಾತ್ರ ಅವರದೇ ಸಂಶೋಧನೆ.

ಇದರಿಂದ ಹೊರಡುವ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಜಂಕ್ಷನ್‌ನಲ್ಲಿ ಯು ಟರ್ನ್ ತೆಗೆದುಕೊಳ್ಳುವವರ ಪಾಳಿ ಎಲ್ಲರಿಗಿಂತ ಕೊನೆಯದು. ನೇರ ಹೋಗುವವರು, ತಿರುಗುವವರು, ನಡೆದು ದಾಟುವವರು, ಎಲ್ಲರಿಗೂ ದಾರಿ ಬಿಟ್ಟ ಮೇಲೆ ಉಳಿದ ಜಾಗ ನಿಮ್ಮದು.

ನೂರಿನ್ನೂರು ಮೀಟರ್ ಹಿಂದೆ

ಇಲ್ಲಿ ಮೂರು ಕೆಲಸ ಮುಗಿಯಬೇಕು.

ಮೊದಲನೆಯದು ಬೋರ್ಡ್. ಬಿಳಿ ವೃತ್ತ, ಕೆಂಪು ಅಂಚು, ಒಳಗೆ ಬಗ್ಗಿದ ಕಪ್ಪು ಬಾಣ, ಅದರ ಮೇಲೆ ಕೆಂಪು ಅಡ್ಡಗೆರೆ: ಯು ಟರ್ನ್ ಇಲ್ಲ. ಎಡಗಡೆಯ ಕಂಬ, ಡಿವೈಡರ್ ಮತ್ತು ಸಿಗ್ನಲ್ ಕಂಬ, ಮೂರೂ ಕಡೆ ಕಣ್ಣಾಡಿಸಿ. ಈ ಬೋರ್ಡ್ ಇದ್ದರೆ ಬಲಕ್ಕೆ ತಿರುಗಲು ಅಡ್ಡಿಯಿಲ್ಲ, ವಾಪಸ್ ತಿರುಗಲು ಮಾತ್ರ ಇಲ್ಲ. ಉಲ್ಟಾ ಸಂದರ್ಭದಲ್ಲಿ, ಅಂದರೆ ಬಲಕ್ಕೆ ತಿರುಗುವಂತಿಲ್ಲ ಎಂಬ ಬೋರ್ಡ್ ಮಾತ್ರ ಇದ್ದಾಗ, ‘ಯು ಟರ್ನ್ ಬೇಡ ಅಂತ ಬರೆದಿಲ್ಲವಲ್ಲ’ ಎಂದು ವಾದ ಹೂಡುವವರಿದ್ದಾರೆ. ದಯವಿಟ್ಟು ಬೇಡ. ಬಲಕ್ಕೆ ತಿರುಗುವವರಿಗೆ ಜಾಗ, ಸಮಯ ಎರಡನ್ನೂ ಕೊಡದ ಸಿಗ್ನಲ್‌ನಲ್ಲಿ ನೀವೊಬ್ಬರೇ ಅಡ್ಡ ನಿಂತಿರುತ್ತೀರಿ.

ಎರಡನೆಯದು ಲೇನ್. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಯು ಟರ್ನ್‌ಗೆ ಡಿವೈಡರ್ ಪಕ್ಕದ ಬಲತುದಿ ಲೇನ್ ಬೇಕು. ಬಲಕ್ಕೆ ತಿರುಗಲು ಎರಡು ಲೇನ್ ಕೊಟ್ಟಿದ್ದರೂ ಯು ಟರ್ನ್ ಒಳಗಿನ ಲೇನ್‌ನಿಂದ ಮಾತ್ರ. ಲೇನ್ ಬದಲಿಸುವ ಕ್ರಮ ಹೀಗೆ: ಒಳಗಿನ ಕನ್ನಡಿ, ಬಲಗನ್ನಡಿ, ಇಂಡಿಕೇಟರ್, ಭುಜದ ಮೇಲಿಂದ ಒಂದು ಇಣುಕು ನೋಟ, ಆಮೇಲೆ ಸ್ಟಿಯರಿಂಗ್. ಒಂದು ಸಲಕ್ಕೆ ಒಂದೇ ಲೇನ್. ಸಿಗ್ನಲ್ ಹತ್ತಿರ ರಸ್ತೆಯ ಬಿಳಿಗೆರೆ ಒಡೆಯದೆ ಉದ್ದಕ್ಕೆ ಓಡಲು ಶುರುವಾಗುತ್ತದೆ. ಅದಾದ ಮೇಲೆ ಲೇನ್ ಬದಲಿಸುವಂತಿಲ್ಲ. ಆ ಗೆರೆ ಬರುವಷ್ಟರಲ್ಲಿ ನೀವು ಬಲತುದಿಯಲ್ಲಿ ಇರಲಿಲ್ಲ ಅಂದರೆ, ಈ ಸಿಗ್ನಲ್ ನಿಮ್ಮದಲ್ಲ. ಮುಂದಕ್ಕೆ ಹೋಗಿ.

ಮೂರನೆಯದು ಸಿಗ್ನಲ್‌ಗೆ ಮೊದಲೇ ಡಿವೈಡರ್ ಒಡೆದು ಕೊಟ್ಟ ಜಾಗ ಇದೆಯೇ ಎಂದು ನೋಡುವುದು. ಬೆಂಗಳೂರಿನ ಅಗಲ ರಸ್ತೆಗಳಲ್ಲಿ ಹಲವೆಡೆ ಜಂಕ್ಷನ್‌ಗಿಂತ ಮುಂಚೆ ಅಥವಾ ಜಂಕ್ಷನ್ ದಾಟಿದ ಮೇಲೆ, ಕೆಲವೆಡೆ ಫ್ಲೈಓವರ್ ಕೆಳಗೆ, ಯು ಟರ್ನ್‌ಗೇ ಅಂತ ಜಾಗ ಬಿಟ್ಟಿರುತ್ತಾರೆ. ಅದಿದ್ದರೆ ಜಂಕ್ಷನ್ ಮಧ್ಯಕ್ಕೆ ಹೋಗುವ ಉಸಾಬರಿ ಯಾಕೆ?

ಸ್ಟಾಪ್ ಲೈನ್‌ನಲ್ಲಿ ನಿಂತಾಗ

ಕೆಂಪು ಬಿದ್ದಿದೆ. ಎದುರಿನ ರಸ್ತೆಯೂ ಖಾಲಿ. ತಿರುಗಬಹುದೇ? ಇಲ್ಲ. ಕೆಂಪು ದೀಪ ಯು ಟರ್ನ್‌ಗೂ ಕೆಂಪೇ. ಫ್ರೀ ಲೆಫ್ಟ್ ಇದ್ದ ಹಾಗೆ ಫ್ರೀ ಯು ಟರ್ನ್ ಅಂತ ಒಂದಿಲ್ಲ.

ಜೀಬ್ರಾ ಪಟ್ಟೆಗಳಿಗೆ ಮೊದಲಿನ ಬಿಳಿ ಗೆರೆಯ ಹಿಂದೆ ನಿಲ್ಲಿಸಿ. ಇಂಡಿಕೇಟರ್ ಆರಿಸಬೇಡಿ. ನಿಂತ ವಾಹನಕ್ಕೆ ಇಂಡಿಕೇಟರ್ ಯಾಕೆ ಅಂದುಕೊಳ್ಳುವವರು ತುಂಬ ಜನ. ನಿಮ್ಮ ಹಿಂದೆ ನಿಂತವರಿಗೆ ನೀವು ನಿಧಾನವಾಗಿ ತಿರುಗುವವರು ಅಂತ ಗೊತ್ತಾಗುವುದು ಅದೊಂದರಿಂದಲೇ.

ಹೊಸಬರಿಗೆ ಯಾರೂ ಹೇಳಿಕೊಡದ ಒಂದು ವಿಷಯ: ಕಾಯುವಾಗ ಚಕ್ರ ನೇರ ಇರಲಿ. ‘ಹಸಿರು ಬಿದ್ದ ಕೂಡಲೇ ತಿರುಗಬೇಕಲ್ಲ’ ಎಂದು ಮೊದಲೇ ಸ್ಟಿಯರಿಂಗ್ ಬಲಕ್ಕೆ ಒಡೆದು ಇಟ್ಟುಕೊಂಡಿರುತ್ತೇವೆ. ಆಗ ಹಿಂದಿನಿಂದ ಯಾರಾದರೂ ಗುದ್ದಿದರೆ ಕಾರು ನೇರ ಮುಂದಕ್ಕೆ ಹೋಗುವುದಿಲ್ಲ, ಎದುರು ಬರುವ ವಾಹನಗಳ ಬಾಯಿಗೆ ಹೋಗುತ್ತದೆ.

ಡಿವೈಡರ್‌ಗೂ ಕಾರಿಗೂ ಎಷ್ಟು ಅಂತರ ಬಿಡಬೇಕು? ಇದೊಂದು ಚೌಕಾಸಿ. ಜಾಸ್ತಿ ಬಿಟ್ಟರೆ ತಿರುಗಲು ಸುಲಭ, ಆದರೆ ಆ ಸಂದಿಗೆ ಸ್ಕೂಟರ್ ನುಗ್ಗಿ ನಿಮ್ಮ ಬಲಗಡೆಯೇ ನಿಲ್ಲುತ್ತದೆ. ಕಡಿಮೆ ಬಿಟ್ಟರೆ ಸ್ಕೂಟರ್ ಬರುವುದಿಲ್ಲ, ಕಾರೂ ತಿರುಗುವುದಿಲ್ಲ. ನಾನು ಒಂದೂವರೆ ಅಡಿ ಆಸುಪಾಸು ಬಿಡುತ್ತೇನೆ. ಆದರೂ ಹೊರಡುವ ಮುಂಚೆ ಬಲಗನ್ನಡಿ ನೋಡದೆ ಕ್ಲಚ್ ಬಿಡುವುದಿಲ್ಲ.

ದೀಪ ಓದುವುದು

ದುಂಡನೆ ಹಸಿರು ಬಿದ್ದರೆ, ನಿಷೇಧದ ಬೋರ್ಡ್ ಇಲ್ಲದಿದ್ದರೆ, ಎಲ್ಲರಿಗೂ ದಾರಿ ಬಿಟ್ಟು ತಿರುಗಬಹುದು. ನೇರದ ಬಾಣ ಮಾತ್ರ ಹಸಿರಾದರೆ ನಿಮಗಿನ್ನೂ ಕೆಂಪೇ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಬಲಬಾಣ ಹಸಿರಾದಾಗ ನಿಮ್ಮ ಸರದಿ.

ದುಂಡನೆ ಹಸಿರಿನಲ್ಲಿ ಒಂದು ಗುಟ್ಟಿದೆ. ನಮ್ಮ ಊರುಗಳ ಎಷ್ಟೋ ಸಿಗ್ನಲ್‌ಗಳಲ್ಲಿ ನಾಲ್ಕು ರಸ್ತೆಗೂ ಸರದಿ ಪ್ರಕಾರ ಒಂದೊಂದಾಗಿ ಬಿಡುತ್ತಾರೆ. ನಿಮಗೆ ಹಸಿರಿದ್ದಾಗ ಎದುರಿನವರು ನಿಂತಿರುತ್ತಾರೆ. ಆದರೆ ಎಲ್ಲ ಕಡೆ ಹೀಗಿಲ್ಲ. ಕೆಲವು ಕಡೆ ಎದುರುಬದುರು ರಸ್ತೆಗಳಿಗೆ ಒಟ್ಟಿಗೇ ಹಸಿರು ಬೀಳುತ್ತದೆ. ಅಲ್ಲಿ ಎದುರಿನಿಂದ ನೇರ ಬರುವವರು ಮುಗಿಯುವವರೆಗೆ ನೀವು ಕಾಯಬೇಕು. ಎರಡರಲ್ಲಿ ಯಾವುದು ಅಂತ ಗೊತ್ತಾಗುವುದು ಹೇಗೆ? ಎದುರಿನ ಸ್ಟಾಪ್ ಲೈನ್‌ನಲ್ಲಿರುವ ಮೊದಲ ವಾಹನದ ಚಕ್ರ ನೋಡಿ, ಉರುಳುತ್ತಿದೆಯೋ ನಿಂತಿದೆಯೋ. ಒಮ್ಮೆ ಹೀಗೆ ನೋಡುವ ರೂಢಿಯಾದರೆ ಗೊತ್ತಿಲ್ಲದ ಊರಿನಲ್ಲೂ ಕೆಲಸಕ್ಕೆ ಬರುತ್ತದೆ.

ಹಳದಿ ಬಿದ್ದಾಗ ಗೆರೆ ದಾಟಿಯಾಗಿದ್ದರೆ ತಿರುಗಿ ಮುಗಿಸಿ. ದಾಟಿಲ್ಲದಿದ್ದರೆ ನಿಲ್ಲಿ. ರಾತ್ರಿ ಹಳದಿ ಮಿಟುಕುತ್ತಿದ್ದರೆ ನಿಧಾನ ಮಾಡಿ, ನಾಲ್ಕೂ ಕಡೆ ನೋಡಿ ಹೋಗಿ. ಕೆಂಪು ಮಿಟುಕುತ್ತಿದ್ದರೆ ಪೂರ್ತಿ ನಿಲ್ಲಿಸಿ ನೋಡಬೇಕು. ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ದೀಪಕ್ಕಿಂತ ಅವರ ಕೈ ದೊಡ್ಡದು.

ತಿರುಗುವ ಆರು ಸೆಕೆಂಡ್

ಅಪಾಯ ಇರುವುದೆಲ್ಲ ಈ ಆರು ಸೆಕೆಂಡಿನಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನೀವು ಉತ್ತರಕ್ಕೆ ಮುಖ ಮಾಡಿ ನಿಂತಿದ್ದೀರಿ ಅಂದುಕೊಳ್ಳಿ. ತಿರುಗಿದ ಮೇಲೆ ದಕ್ಷಿಣಕ್ಕೆ ಹೋಗುವ ರಸ್ತೆ ಸೇರುತ್ತೀರಿ. ಆ ರಸ್ತೆಗೆ ಇನ್ಯಾರು ಬರುತ್ತಾರೆ? ಎದುರಿನಿಂದ ನೇರ ಬರುವವರು, ಅವರನ್ನು ಆಗಲೇ ನೋಡಿದ್ದೀರಿ. ಇನ್ನೊಬ್ಬರಿದ್ದಾರೆ. ನಿಮ್ಮ ಬಲಗಡೆಯ ರಸ್ತೆಯಿಂದ ಫ್ರೀ ಲೆಫ್ಟ್ ತೆಗೆದುಕೊಂಡು ಬರುವವರು. ಅವರಿಗೆ ಸಿಗ್ನಲ್ಲೇ ಇಲ್ಲ. ನಿಮಗೆ ಹಸಿರು ಬಿದ್ದಿದ್ದು ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೂ ನೀವು ಬಲಕ್ಕೆ ಹೋಗುವವರು ಅಂದುಕೊಂಡಿರುತ್ತಾರೆ. ನೀವು ಅರ್ಧ ವೃತ್ತ ಮುಗಿಸುವ ಹೊತ್ತಿಗೆ ಸರಿಯಾಗಿ ಅವರು ಅದೇ ಲೇನ್‌ಗೆ ಬಂದಿರುತ್ತಾರೆ. ಸಿಗ್ನಲ್ ಯು ಟರ್ನ್‌ನಲ್ಲಿ ಬಂಪರ್ ಒರೆಸಿಕೊಂಡ ಜಗಳ ಕೇಳಿದರೆ ಮೊದಲು ನನಗೆ ನೆನಪಾಗುವುದು ಈ ಫ್ರೀ ಲೆಫ್ಟ್. ಇಬ್ಬರೂ ‘ನನಗೆ ದಾರಿ ಇತ್ತು’ ಅನ್ನುತ್ತಾರೆ.

ಹಾಗಾಗಿ ಗೆರೆ ದಾಟಿ ಡಿವೈಡರ್ ತುದಿಗೆ ಬಂದಾಗ ಬಲಗಡೆಯ ರಸ್ತೆಯ ಮೂಲೆ ನೋಡಿ. ಅಲ್ಲಿಂದ ವಾಹನ ಸುರಿಯುತ್ತಿದ್ದರೆ ನಿಧಾನಿಸಿ, ಬೇಕಾದರೆ ನಿಂತೇ ಬಿಡಿ.

ಇನ್ನು ನಡೆದು ದಾಟುವವರು. ಬಲಕ್ಕೆ ತಿರುಗುವವರು ಎರಡು ಬೇರೆ ಬೇರೆ ಜೀಬ್ರಾ ದಾಟುತ್ತಾರೆ. ಯು ಟರ್ನ್‌ನವರು ಒಂದೇ ಜೀಬ್ರಾವನ್ನು ಎರಡು ಸಲ ದಾಟುತ್ತಾರೆ: ಹೋಗುವಾಗ ಅದರ ಎಡ ಅರ್ಧ, ವಾಪಸ್ ಬರುವಾಗ ಬಲ ಅರ್ಧ. ನಿಮಗೆ ಹಸಿರಿರುವಾಗ ಆ ಬಲ ಅರ್ಧದಲ್ಲಿ ವಾಹನ ಕಡಿಮೆ. ಅಲ್ಲಿ ಕಾಯುತ್ತಿದ್ದವರು ‘ಈಗ ಖಾಲಿ’ ಅಂತ ದಾಟಲು ಶುರು ಮಾಡುವುದೂ ಆಗಲೇ. ಸೆರಗು ಹಿಡಿದು ಮಗುವನ್ನು ಎಳೆದುಕೊಂಡು ಓಡುವ ತಾಯಿ ಡಿವೈಡರ್ ಮೇಲೆ ನಿಂತಿರುತ್ತಾರೆ, ನಿಮ್ಮ ಕಾರಿನ ಬಲಗಡೆಯ ಮುಂಗಂಬ ಅವರನ್ನು ಪೂರ್ತಿ ಮುಚ್ಚಿರುತ್ತದೆ. ವಿಂಡ್‌ಶೀಲ್ಡ್ ಪಕ್ಕದ ಆ ಕಂಬ ಇದೆಯಲ್ಲ, ಅದರ ಹಿಂದೆ ಒಬ್ಬ ಮನುಷ್ಯ ಸಲೀಸಾಗಿ ಮರೆಯಾಗುತ್ತಾನೆ. ತಿರುಗುವಾಗ ಬೆನ್ನು ಸೀಟಿನಿಂದ ಎತ್ತಿ, ಒಂದು ಸಲ ಮುಂದೆ ಒಂದು ಸಲ ಹಿಂದೆ ತಲೆ ಆಡಿಸಿ ನೋಡಿ. ನೋಡುವವರಿಗೆ ತಮಾಷೆ ಅನ್ನಿಸಬಹುದು.

ಡಿವೈಡರ್ ತುದಿ ನಿಮ್ಮ ಭುಜಕ್ಕೆ ನೇರ ಬಂದ ಮೇಲೆ ಸ್ಟಿಯರಿಂಗ್ ಪೂರ್ತಿ ಬಲಕ್ಕೆ. ಅದಕ್ಕೂ ಮೊದಲು ಒಡೆದರೆ ಹಿಂದಿನ ಬಲಚಕ್ರ ಡಿವೈಡರ್ ಹತ್ತುತ್ತದೆ. ವೇಗ ನಡಿಗೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲ ಗೇರ್. ಕಾರು ನೇರವಾಗುತ್ತಿದ್ದ ಹಾಗೆ ಸ್ಟಿಯರಿಂಗ್ ಬಿಡಿಸಿ, ಎಡಗನ್ನಡಿ ನೋಡಿ, ಇಂಡಿಕೇಟರ್ ಆರಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಎಡಕ್ಕೆ ಹೋಗಬೇಕಿದ್ದರೆ ಆಮೇಲೆ, ಒಂದೊಂದೇ ಲೇನ್.

ನಿಮ್ಮ ಕಾರು ಅಲ್ಲಿ ತಿರುಗುತ್ತದೆಯೇ?

ಕಾರಿನ ಪುಸ್ತಕದಲ್ಲಿ ಟರ್ನಿಂಗ್ ರೇಡಿಯಸ್ ಅಂತ ಒಂದು ಅಂಕಿ ಇರುತ್ತದೆ. ಯಾರೂ ಓದುವುದಿಲ್ಲ. ಸ್ವಿಫ್ಟ್‌ಗೆ ಅದು 4.8 ಮೀಟರ್, ಇನೋವಾ ಕ್ರಿಸ್ಟಾಗೆ 5.4. ಪೂರ್ತಿ ತಿರುಗಲು ಅದರ ಎರಡರಷ್ಟು ಅಗಲ ಬೇಕು. ಅಂದರೆ ಸ್ವಿಫ್ಟ್‌ಗೆ 9.6 ಮೀಟರ್, ಇನೋವಾಗೆ 10.8.

ಈಗ ರಸ್ತೆ ಅಳೆಯೋಣ. ಒಂದು ಲೇನ್ 3.5 ಮೀಟರ್, ಡಿವೈಡರ್ 1.2 ಮೀಟರ್ ಅಂತ ಇಟ್ಟುಕೊಳ್ಳಿ. ನೀವು ಡಿವೈಡರ್‌ನಿಂದ ಒಂದೂವರೆ ಅಡಿ ಬಿಟ್ಟು ನಿಂತರೆ ಸ್ವಿಫ್ಟ್‌ನ ಎಡಚಕ್ರ ಡಿವೈಡರ್‌ನಿಂದ ಸುಮಾರು 2.1 ಮೀಟರ್ ಆಚೆ. 9.6ರಲ್ಲಿ ಈ 2.1 ಮತ್ತು ಡಿವೈಡರ್‌ನ 1.2 ಕಳೆಯಿರಿ. ಉಳಿದದ್ದು 6.3. ಅಂದರೆ ಆಚೆಯ ರಸ್ತೆಯ ಎರಡು ಲೇನ್, ಒಟ್ಟು 7 ಮೀಟರ್, ಹೆಚ್ಚುಕಡಿಮೆ ಪೂರ್ತಿ ಬೇಕು. ಇನೋವಾಗೆ ಇದೇ ಲೆಕ್ಕ ಹಾಕಿದರೆ 7.4 ಬರುತ್ತದೆ. ಒಂದೇ ಸಲಕ್ಕೆ ತಿರುಗುವುದಿಲ್ಲ. ಚಕ್ರದ ಲೆಕ್ಕ ಇದು, ಬಂಪರ್ ಇನ್ನೂ ಹೊರಗೆ ಚಾಚುತ್ತದೆ.

ಅದಕ್ಕೇ ಹೇಳಿದ್ದು, ಫ್ರೀ ಲೆಫ್ಟ್‌ನವರಿಗೆ ಒಂದು ಲೇನ್ ಬಿಟ್ಟು ತಿರುಗುತ್ತೇನೆ ಅನ್ನುವುದು ಕನಸು. ಕಿರಿದಾದ ರಸ್ತೆಯಲ್ಲಿ ನೀವು ಎರಡನ್ನೂ ಮುಚ್ಚುತ್ತೀರಿ. ದೊಡ್ಡ ಕಾರು ಇದ್ದರೆ ಸಿಗ್ನಲ್ ಮಧ್ಯೆ ರಿವರ್ಸ್ ಹಾಕಿ ಮುಂದೆ ಹಾಕಿ ಸರ್ಕಸ್ ಮಾಡುವ ಬದಲು ಅಗಲ ಇರುವ ಇನ್ನೊಂದು ಜಾಗ ಹುಡುಕಿ. ಮನೆ ಹತ್ತಿರದ ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆ ಇಟ್ಟು ನಿಮ್ಮ ಕಾರಿಗೆ ಎಷ್ಟು ಬೇಕು ಅಂತ ಒಮ್ಮೆ ಅಳೆದುಬಿಡಿ. ಹೆಜ್ಜೆಯಲ್ಲಿ ಎಣಿಸಿಟ್ಟುಕೊಂಡರೆ ಸಾಕು.

ಬೈಕು, ಸ್ಕೂಟರ್‌ನವರಿಗೆ

ನಿಮಗೆ ಜಾಗದ ಕೊರತೆ ಇಲ್ಲ, ಕೊರತೆ ಇರುವುದು ತಾಳ್ಮೆಗೆ. ಎಡತುದಿಯಲ್ಲಿ ಫುಟ್‌ಪಾತ್ ಪಕ್ಕ ನಿಂತು, ಹಸಿರು ಬಿದ್ದ ಕೂಡಲೇ ಎಲ್ಲರ ಮುಂದೆ ಅಡ್ಡಲಾಗಿ ಕತ್ತರಿಸಿ ಬಲಕ್ಕೆ ಹಾರುವುದಿದೆಯಲ್ಲ, ಅದನ್ನು ಬಿಡಿ. ಕಾರಿನವರಿಗೆ ಹೇಳಿದ್ದೇ ನಿಮಗೂ: ಬಲತುದಿ ಲೇನ್, ಇಂಡಿಕೇಟರ್, ಸರದಿ.

ತಿರುಗುವಾಗ ಹ್ಯಾಂಡಲ್ ಓರೆ ಇದ್ದಾಗ ಮುಂದಿನ ಬ್ರೇಕ್ ಒತ್ತಿದರೆ ಗಾಡಿ ಅಲ್ಲೇ ಮಲಗುತ್ತದೆ. ಹಿಂದಿನ ಬ್ರೇಕ್ ಮೆತ್ತಗೆ ಹಿಡಿದು, ಮೊದಲ ಗೇರ್‌ನಲ್ಲಿ, ಹೋಗಬೇಕಾದ ಕಡೆ ಮುಖ ತಿರುಗಿಸಿ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಡಿವೈಡರ್ ತುದಿಯಲ್ಲಿ ಯಾವಾಗಲೂ ಮರಳು ಕೂತಿರುತ್ತದೆ, ಮಳೆಯಲ್ಲಿ ಜೀಬ್ರಾದ ಬಿಳಿ ಬಣ್ಣ ಜಾರುತ್ತದೆ. ಎರಡೂ ಇರುವುದು ನೀವು ವಾಲುವ ಜಾಗದಲ್ಲೇ.

ಬಸ್ಸು, ಲಾರಿ ಯು ಟರ್ನ್ ತೆಗೆದುಕೊಳ್ಳುತ್ತಿದ್ದರೆ ಅದರ ಬಲಗಡೆಯ ಸಂದಿಗೆ ಹೋಗಬೇಡಿ. ಹನ್ನೆರಡು ಮೀಟರ್ ಉದ್ದದ ಬಸ್ಸು ಡಿವೈಡರ್‌ನಿಂದ ದೂರ ಸರಿದು ತಿರುಗಲೇಬೇಕು. ‘ಜಾಗ ಬಿಟ್ಟಿದ್ದಾರೆ’ ಅಂತ ನೀವು ನುಗ್ಗಿದ ಸಂದಿ, ಬಸ್ಸಿನ ಹಿಂಚಕ್ರ ಒಳಕ್ಕೆ ಎಳೆದುಕೊಳ್ಳುವ ಜಾಗ. ಅದರ ಬೆನ್ನು ಎಡಕ್ಕೆ ಬೀಸುವುದರಿಂದ ಎಡಗಡೆಯೂ ಸುಖವಿಲ್ಲ. ಹಿಂದೆ ನಿಲ್ಲಿ.

ತಪ್ಪಿಹೋದರೆ

ಬಲತುದಿ ಲೇನ್ ಸಿಗಲಿಲ್ಲ, ಬೋರ್ಡ್ ತಡವಾಗಿ ಕಂಡಿತು, ಹಿಂದಿನವರು ಒತ್ತಿದರು. ನೇರ ಹೋಗಿಬಿಡಿ. ಮುಂದೆ ಸರ್ಕಲ್ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆ ಯು ಟರ್ನ್. ಮೈಸೂರಿನವರಿಗೆ ಇದು ಹೇಳಿಕೊಡಬೇಕಿಲ್ಲ. ಬಲಗಡೆಯಿಂದ ಸುತ್ತಿ ಬರುತ್ತಿರುವವರಿಗೆ ದಾರಿ ಬಿಟ್ಟು, ಸರ್ಕಲನ್ನು ಎಡದಿಂದ ಪೂರ್ತಿ ಸುತ್ತಿ ಬನ್ನಿ. ಸರ್ಕಲ್ ಸಣ್ಣದು ಅಂತ ಬಲಗಡೆಯಿಂದ ಕತ್ತರಿಸಬೇಡಿ, ಅದು ಉಲ್ಟಾ ದಿಕ್ಕಿನ ಚಾಲನೆ.

ದಂಡದ ಮಾತು

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಚಾಲನಾ ನಿಯಮ ಮುರಿದರೆ 177ಎ ಕಲಂ ಪ್ರಕಾರ 500ರಿಂದ 1,000 ರೂಪಾಯಿ. ಕೆಂಪು ದೀಪ ದಾಟಿ ತಿರುಗಿದರೆ ಕಥೆ ಬೇರೆ. ಅದು 184ನೇ ಕಲಂನ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ, ಅಥವಾ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ಎರಡೂ ಆಗಬಹುದು. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ರಾಜ್ಯಗಳು ಗೊತ್ತು ಮಾಡುತ್ತವೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳನ್ನು ಇಳಿಸಿತ್ತು. ಆಂಬುಲೆನ್ಸ್‌ಗೆ ಅಡ್ಡ ನಿಂತರೆ ಕಾಯ್ದೆಯಲ್ಲಿರುವ ದಂಡ 10,000.

ಪೊಲೀಸರು ಕಾಣದಿದ್ದರೆ ಬಚಾವು ಅನ್ನುವ ಕಾಲ ಹೋಯಿತು. 2022ರ ಡಿಸೆಂಬರ್‌ನಿಂದ ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಕೆಲಸ ಮಾಡುತ್ತಿವೆ. ಚಲನ್ ಮೊಬೈಲ್‌ಗೇ ಬರುತ್ತದೆ.

ಹೊರದೇಶದಲ್ಲಿ ಓಡಿಸುವವರಿಗೆ

ಊರಿನ ರೂಢಿಯನ್ನು ಸೂಟ್‌ಕೇಸ್‌ನಲ್ಲಿ ಒಯ್ಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ನಿಷೇಧದ ಬೋರ್ಡ್ ಇಲ್ಲದಿದ್ದರೆ ಹಸಿರು ದೀಪಕ್ಕೆ ಅಥವಾ ಹಸಿರು ಬಾಣಕ್ಕೆ ಯು ಟರ್ನ್ ತೆಗೆದುಕೊಳ್ಳಬಹುದು. ಆದರೆ ಅಲ್ಲಿ ಬಲಗಡೆ ಓಡಿಸುವುದರಿಂದ ಎಡತುದಿ ಲೇನ್‌ನಿಂದ. ಫೈರ್ ಸ್ಟೇಷನ್ ಮುಂದೆ ಮಾತ್ರ ತಿರುಗಿಸುವ ಹಾಗಿಲ್ಲ. ಸಿಡ್ನಿಯಲ್ಲಿ ಎಡಗಡೆಯೇ ಓಡಿಸುತ್ತಾರೆ, ನಮ್ಮ ಹಾಗೇ ಅನ್ನಿಸುತ್ತದೆ. ಆದರೆ ಅಲ್ಲಿನ ನಿಯಮ ತಲೆಕೆಳಗು: ಸಿಗ್ನಲ್ ಇದ್ದ ಕಡೆ, ತಿರುಗಬಹುದು ಅಂತ ಬೋರ್ಡ್ ಇದ್ದರೆ ಮಾತ್ರ ತಿರುಗಬೇಕು. ಅದೇ ದೇಶದ ಮೆಲ್ಬರ್ನ್‌ಗೆ ಹೋದರೆ ಮತ್ತೆ, ಬೇಡ ಅಂತ ಬೋರ್ಡ್ ಇಲ್ಲದಿದ್ದರೆ ಆಯಿತು.

ಮೊದಲ ಸಲ ತೆಗೆದುಕೊಳ್ಳುವ ಮುಂಚೆ

ನೀವು ದಿನಾ ತಿರುಗಬೇಕಾದ ಸಿಗ್ನಲ್ ಯಾವುದೋ ಅಲ್ಲಿಗೆ ಕಾರು ಬಿಟ್ಟು ಹೋಗಿ. ಮೂಲೆಯಲ್ಲಿ ಟೀ ಅಂಗಡಿ ಇದ್ದೇ ಇರುತ್ತದೆ. ಒಂದು ಬೈಟು ಹೇಳಿ, ದೀಪ ಎರಡು ಸುತ್ತು ಬರುವವರೆಗೆ ನಿಂತು ನೋಡಿ. ಯಾವ ರಸ್ತೆ ಯಾವಾಗ ಬಿಡುತ್ತದೆ, ಫ್ರೀ ಲೆಫ್ಟ್ ಎಲ್ಲಿಂದ ಸುರಿಯುತ್ತದೆ, ಜನ ಯಾವ ಕ್ಷಣಕ್ಕೆ ಓಡುತ್ತಾರೆ. ಹಾಗೇ ನೂರು ಮೀಟರ್ ಹಿಂದಕ್ಕೆ ನಡೆದು ಡಿವೈಡರ್ ಮೇಲೆ ಏನಾದರೂ ಬೋರ್ಡ್ ಇದೆಯಾ ಅಂತಲೂ ನೋಡಿ ಬನ್ನಿ.